ಗಿರಣಿ ಗ್ರೂಪಿನ ಅಕ್ಕೋರು

ಅಕ್ಕೋರು ಮೊಬೈಲನ್ನು ಉಂಗುರದ ಬೆರಳಿನಿಂದ ಒತ್ತುತ್ತಿದ್ದರು. ನಾವೆಲ್ಲ ಹೆಬ್ಬೆರಳನ್ನೋ ತೋರುಬೆರಳನ್ನೋ ಬಳಸುವಾಗ ಅವರದು ಮಾತ್ರ ಆ ಬೆರಳು, ಎದುರಿಗೆ ಕೂತ ಮಗುವಿನ ಹಣೆಗೆ ಬೊಟ್ಟು ಇಡುವ ಹಾಗೆ. ಫೋನನ್ನು ಎಡಗೈಯಲ್ಲಿ ಕನ್ನಡಿಯಂತೆ ದೂರ ಹಿಡಿದು, ಕನ್ನಡಕದ ಮೇಲಿನಿಂದ ನೋಡಿ, ತುಸು ಯೋಚಿಸಿ, ಒಂದೊಂದೇ ಅಕ್ಷರಕ್ಕೆ ಬೆರಳು ತಾಗಿಸುವರು. ಹೆಬ್ಬೆರಳು, ತೋರುಬೆರಳುಗಳ ತುದಿ ಸೀಮೆಸುಣ್ಣ ಹಿಡಿದು ಹಿಡಿದು ಮರದಂತೆ ಒಣಗಿತ್ತು; ಒತ್ತಿದರೂ ಫೋನಿಗೆ ಗುರುತು ಹತ್ತುತ್ತಿರಲಿಲ್ಲ. "ಈ ಎರಡ ಬಟ್ಟ ಸರಕಾರಕ್ಕ ಕೊಟ್ಟಬಿಟ್ಟೇನವಾ," ಎಂದು ನಗುತ್ತಿದ್ದರು. "ಇದೊಂದ ನಂದು ಉಳದೈತಿ."

ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ. ಬೈಲಹೊಂಗಲದಲ್ಲಿ ಅವರ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ತಮ್ಮನ ಸಂಸಾರದ ಜೊತೆ ಇದ್ದರು, ಮುಂದಿನ ಕೋಣೆ ಅವರದು. ಗೋಡೆಗೆ ಬುದ್ಧನ ಚಿತ್ರ, ಅದರ ಕೆಳಗೆ ಮಣೆಯ ಮೇಲೆ ಗಾಜಿನ ಲೋಟದಲ್ಲಿ ದಿನವೂ ಒಂದು ಹೂವು, ಲೋಟದ ಪಕ್ಕಕ್ಕೇ ಫೋನಿನ ಚಾರ್ಜರು. ಬೆಳಗಿನಲ್ಲಿ ಎರಡಕ್ಕೂ ಒಂದೇ ಬಟ್ಟೆಯಿಂದ ಧೂಳು ಒರೆಸುತ್ತಿದ್ದರು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಊಟದ ಮೇಜಿನ ಮೇಲೆ ಚಮಚ ಯಾವ ಬದಿಗೆ ಇಡಬೇಕೆಂಬುದು ಗೊತ್ತಿತ್ತು; ಜೋಳದ ರೊಟ್ಟಿ ಬಡಿಯುವುದು ಗೊತ್ತಿರಲಿಲ್ಲ. ಹೊಸದರಲ್ಲಿ ಒಂದು ಬೆಳಿಗ್ಗೆ ನಾನು ಪಡುತ್ತಿದ್ದ ಪಾಡಿನ ಸದ್ದು ಆಚೆಗೆ ಕೇಳಿರಬೇಕು.

"ಏ ತಂಗಿ, ರೊಟ್ಟಿ ಬಡ್ಯಾಕ ಹತ್ತೀಯೋ, ಮತ್ತ ಯಾರನ್ನರೆ ಬಡ್ಯಾಕ ಹತ್ತೀಯೋ?"

ನನಗೆ ನಗು, ಅಳು ಎರಡೂ ಬಂದವು. ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಒಳಗೇ ಬಂದು ನನ್ನ ಹಿಂದೆ ಕೂತರು. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, ಪಾಟಿಯ ಮೇಲೆ ಅಕ್ಷರ ತಿದ್ದಿಸುವ ಹಾಗೆ ರೊಟ್ಟಿ ತಿರುಗಿಸಿದರು. "ನಡುವ ಅಂಗೈ, ಅಂಚಿಗೆ ಬಟ್ಟು. ಸಾವಕಾಶ. ರೊಟ್ಟಿ ತಾನ ತಿರಗತದ, ನೀ ಬರೇ ಹಾದಿ ತೋರಸು." ಅತ್ತೆಯವರ ಮುಂದೆ ನನ್ನ ಮಾನ ಉಳಿದದ್ದು ಆ ಕೈಯಿಂದ.

ಮನೆಯಲ್ಲೇ ಹಿಟ್ಟು ಬೀಸಿಕೊಳ್ಳುವ ಸಣ್ಣ ಗಿರಣಿಗಳು ನಮ್ಮ ಕಡೆ ಬಂದದ್ದು ಈಚೆಗೆ. ನೋಡಲು ಪುಟ್ಟ ಕಪಾಟಿನ ಹಾಗೆ; ಮೇಲೆ ಕಾಳು ಸುರಿದರೆ ಕೆಳಗಿನ ಡಬ್ಬಿಯಲ್ಲಿ ಹಿಟ್ಟು. ಒಂದು ಕಂಪನಿಯ ಏಜೆಂಟರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಪ್ರದರ್ಶನ ಇಟ್ಟು ಅದನ್ನು ಮಾರಿದರು. ಮಧ್ಯವಯಸ್ಸಿನ ಆ ಏಜೆಂಟರು ಒಂದು ಕಾಲಕ್ಕೆ ಅಕ್ಕೋರ ಶಿಷ್ಯ. ಗಿರಣಿ ಕೊಳ್ಳಲು ಬಂದ ಗುರುಗಳನ್ನು ಕಂಡದ್ದೇ ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬಾಜೂ ಅಂಗಡಿಯಿಂದ ಶಾಲು ತರಿಸಿ, ಎಲ್ಲರೆದುರು ಹೊದಿಸಿ, ಕಾಲು ಮುಟ್ಟಿ ನಮಸ್ಕರಿಸಿದರು. ಹಿಂದೆ ಸಾಲಾಗಿ ಗಿರಣಿಗಳು, ಮುಂದೆ ಶಾಲು ಹೊದ್ದು ಸಂಕೋಚದಿಂದ ಗದ್ದ ಒಳಗೆ ಎಳೆದುಕೊಂಡ ಅಕ್ಕೋರು. ಅಂದು ನಾನೂ ಒಂದು ಗಿರಣಿ ಕೊಂಡಿದ್ದೆ; ಆ ಫೋಟೊ ತೆಗೆದವಳು ನಾನೇ. ಅಕ್ಕೋರು ಗಿರಣಿಗೆ ಪೂರ್ತಿ ಬೆಲೆ ಕೊಟ್ಟು, ಚೌಕಾಸಿ ಕೂಡ ಮಾಡದೆ ಮನೆಗೆ ತಂದರು. ಶಿಷ್ಯನ ಹತ್ತಿರ ಚೌಕಾಸಿ ಮಾಡುವುದು ಚೆಂದ ಕಾಣುವುದಿಲ್ಲ ಎನ್ನುವುದು ಅವರ ಲೆಕ್ಕ.

ಗಿರಣಿ ತೆಗೆದುಕೊಂಡ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಸಹಾಯವಾಗಲಿ ಎಂದು ಏಜೆಂಟರು ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದರು. ಕೆಲ ದಿನಗಳಲ್ಲೇ ಅವರು ಬೇರೆ ಕಂಪನಿ ಸೇರಿ ನೀರು ಸೋಸುವ ಯಂತ್ರ ಮಾರಲು ಹೋದರು. ಹೋಗುವಾಗ ಗ್ರೂಪಿನ ಅಡ್ಮಿನ್ ಕೆಲಸವನ್ನು ಅಕ್ಕೋರಿಗೆ ಒಪ್ಪಿಸಿದರು. ಗ್ರೂಪಿಗೆ ಒಂದು ಚಿತ್ರ ಬೇಕಲ್ಲ? ಅಕ್ಕೋರು ಆ ಶಾಲಿನ ಫೋಟೊವನ್ನೇ ಹಾಕಿಸಿದರು. ಅದರಲ್ಲಿ ಗಿರಣಿ ಚೆನ್ನಾಗಿ ಕಾಣುತ್ತದೆ ಎಂದರು. ತಮ್ಮ ಮುಖವೂ ಚೆನ್ನಾಗಿ ಕಾಣುತ್ತಿತ್ತು ಎನ್ನುವುದನ್ನು ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ.

ಅಕ್ಕೋರದೊಂದು ಬಿಟ್ಟರೆ ಗ್ರೂಪಿನಲ್ಲಿ ಯಾರಿಗೂ ಯಾರ ಮುಖ ಗೊತ್ತಿರಲಿಲ್ಲ. ಒಬ್ಬರ ಚಿತ್ರ ಗುಲಾಬಿ ಹೂವು, ಇನ್ನೊಬ್ಬರದು ದೇವರು, ಮತ್ತೊಬ್ಬರದು ಮೊಮ್ಮಗ. ಹೆಸರಿಗಿಂತ ಊರೇ ಗುರುತು. ಕಿತ್ತೂರಿನವರು, ರಾಮದುರ್ಗದವರು, ಸವದತ್ತಿಯವರು. ಹಿಟ್ಟಿಗೆ ಹುಳ ಬೀಳದಂತೆ ಏನು ಮಾಡಬೇಕು, ಕಡಲೆಬೇಳೆಗೆ ಹಿಟ್ಟು ಸೋಸುವ ಯಾವ ಜಾಳಿ ಹಾಕಬೇಕು, ಬೀಸುವಾಗ ಮಗು ಎದ್ದರೆ ಏನು ಉಪಾಯ, ಎಲ್ಲಕ್ಕೂ ಅಲ್ಲಿ ಉತ್ತರವಿತ್ತು. ಒಮ್ಮೆ ಸವದತ್ತಿಯವರು ಕೇಳಿದರು: "ಒಣಮೆಣಸಿನಕಾಯಿ ಬೀಸಬಹುದೇನ್ರಿ?" ಯಾರೋ ಬರೆದರು: "ಬೀಸ್ರಿ, ಮರುದಿನ ಚಪಾತಿನ ಖಾರ ಆಕ್ಕಾವ, ಪಲ್ಯಾ ಮಾಡೂ ತ್ರಾಸ ಉಳೀತೈತಿ." ಎಲ್ಲರೂ ನಕ್ಕರು. ಸವದತ್ತಿಯವರಿಗೆ ಸಿಟ್ಟು ಬಂತು. ತಿಳಿಯದೆ ಕೇಳಿದವರನ್ನು ನಗುವುದು ಯಾವ ರೀತಿ ಎಂದರು. ನಗಿಸಿದವರು ನನ್ನದೇನು ತಪ್ಪು ಎಂದರು.

ಅಕ್ಕೋರು ಗ್ರೂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿದರು. ಜಗಳದ ಸುದ್ದಿಯೇ ಎತ್ತಲಿಲ್ಲ. "ಇವತ್ತ ಏನ ಪಲ್ಯಾ?" ಎಂದು ಕೇಳಿ, ಬದನೆಕಾಯಿಯಿಂದ ಹಿಡಿದು ಮಗಳ ಬಾಣಂತನದವರೆಗೆ ಮಾತಾಡಿ, ಕಡೆಗೆ, "ಅವರೂ ಪಾಪ ಇವತ್ತ ಬದನಿಕಾಯಿನ ಮಾಡ್ಯಾರಂತ," ಎಂದು ಇಟ್ಟುಬಿಟ್ಟರು. ಸಂಜೆಗೆ ಸವದತ್ತಿಯವರು ಗ್ರೂಪಿನಲ್ಲಿ ಹೂವಿನ ಚಿತ್ರ ಹಾಕಿದರು, ನಗಿಸಿದವರು ಕೈಮುಗಿದ ಚಿತ್ರ ಹಾಕಿದರು.

"ಅಕ್ಷರಕ್ಕ ಮಾರಿ ಇರೂದಿಲ್ಲವಾ," ಎನ್ನುತ್ತಿದ್ದರು ಅಕ್ಕೋರು. "ಮಾರಿ ಕಾಣದಿದ್ರ ಸಿಟ್ಟ ಲಗೂನ ಬರತದ. ದನಿ ಕೇಳಿಸಿದ್ರ ಅರ್ಧಾ ಇಳೀತದ." ಅವರ ದಿನದ ಅರ್ಧ ಹೊತ್ತು ಹೀಗೆ ದನಿ ಕೇಳಿಸುವುದರಲ್ಲೇ ಹೋಗುತ್ತಿತ್ತು. ತಮ್ಮನ ಹೆಂಡತಿ, "ಅಕ್ಕಾರ, ನಿಮ್ಮ ಸಾಲಿ ಇನ್ನೂ ಬಿಟ್ಟಿಲ್ಲೇನು?" ಎಂದು ಕಾಡಿಸಿದರೆ, "ಹಾಜರಿ ತಗೊಳ್ಳಾಕ ಹತ್ತೇನಿ ತಡೀ," ಎನ್ನುವರು. ಶಾಲೆ ಬಿಟ್ಟ ಮೇಲೆ ಅವರ ಮುಖದಿಂದ ಹೋಗಿದ್ದ ಏನೋ ಒಂದು ಈ ಗ್ರೂಪಿನಿಂದ ಮರಳಿ ಬಂದದ್ದನ್ನು ನಾನು ನೋಡಿದ್ದೇನೆ. ಸಂಜೆ ಹೊರಗೆ ಕಟ್ಟೆಗೆ ಬರುವಾಗ ಸೀರೆಯ ನೆರಿಗೆ ಮತ್ತೊಮ್ಮೆ ಸರಿಮಾಡಿಕೊಂಡು ಬರಲು ಶುರು ಮಾಡಿದ್ದರು.

ಹೀಗಿರುವಾಗ ರಾಮದುರ್ಗದವರ ಮಾತು ಬಂತು.

"ನಮ್ಮ ಗಿರಣಿ ಹಿಟ್ಟ ಕಾದ ಬೀಳತೈತ್ರಿ. ಜ್ವಾಳದ ಹಿಟ್ಟಿಗೆ ಜಿಗಿನ ಇಲ್ಲ. ರೊಟ್ಟಿ ಅಂಚ ಒಡೀತಾವ. ಮತ್ತ ಯಾರಿಗರೆ ಹಿಂಗ ಆಗೇತೇನ್ರಿ?"

ಹಿಟ್ಟು ಕೈಗೆ ಹಿಡಿದು ನಿಲ್ಲುವ ಆ ಅಂಟಿಗೆ ನಾವು ಜಿಗಿ ಎನ್ನುತ್ತೇವೆ. ಅದಿಲ್ಲದಿದ್ದರೆ ರೊಟ್ಟಿ ಇಲ್ಲ. ಕೆಲವರು ಹೌದು ನಮಗೂ ಹಾಗೇ ಎಂದರು. ಕೆಲವರು ನಮ್ಮದು ಚೆನ್ನಾಗಿದೆ ಎಂದರು. ಕಿತ್ತೂರಿನವರಿಗೆ ತಮ್ಮ ಗಿರಣಿಯೆಂದರೆ ಬಹಳ ಪ್ರೀತಿ. ದಸರಾದಲ್ಲಿ ಅದಕ್ಕೆ ಪೂಜೆ ಮಾಡಿ, ಚೆಂಡುಹೂವು ಏರಿಸಿ, ಫೋಟೊ ಹಾಕಿದ್ದವರು. ಅವರು ಬರೆದರು:

"ನಮ್ಮ ಗಿರಣಿ ಬಂಗಾರದಂಗ ಐತಿ. ಹಿಟ್ಟಿಗೆ ಜಿಗಿ ಇಲ್ಲಂದ್ರ ಕೈಗರೆ ಇರಬೇಕಲ್ರಿ."

ಪಕ್ಕದಲ್ಲಿ ನಗುವ ಮುಖದ ಚಿತ್ರ.

ಬೇರೆ ಕಡೆ ಇದು ದೊಡ್ಡ ಮಾತಲ್ಲದಿರಬಹುದು. ನಮ್ಮ ಕಡೆ ಒಬ್ಬ ಹೆಣ್ಣುಮಗಳಿಗೆ ನಿನ್ನ ಕೈಗೆ ರೊಟ್ಟಿ ಬರುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರೆ ಅದು ಅವಳ ಅವ್ವನಿಗೆ ತಲುಪುತ್ತದೆ, ಅವಳನ್ನು ತಂದುಕೊಂಡ ಮನೆಗೆ ತಲುಪುತ್ತದೆ. ರಾಮದುರ್ಗದವರು ಬರೆದರು: "ನಮ್ಮವ್ವ ಕಲಿಸಿದ ಕೈ ಇದು. ಆಕಿ ತೀರಿ ಹೋಗ್ಯಾಳ. ತೀರಿದವರಿಗೆ ಅನ್ನಬ್ಯಾಡ್ರಿ." ಕಿತ್ತೂರಿನವರು: "ನಿಮ್ಮವ್ವನ ಸುದ್ದಿ ಯಾರ ತಗದ್ರು? ನಾವು ಗಿರಣಿ ಮಾತಾಡಾಕ ಹತ್ತೇವಿ." ಅಲ್ಲಿಂದ ಮುಂದೆ ಗ್ರೂಪು ಎರಡಾಯಿತು. ಒಂದು ಕಡೆಯವರು ಎಲ್ಲರೂ ಸೇರಿ ಗಿರಣಿ ವಾಪಸು ಕೊಡೋಣ, ಕಂಪನಿಗೆ ಬುದ್ಧಿ ಬರಲಿ ಎಂದರು. ಇನ್ನೊಂದು ಕಡೆಯವರು ಚೆನ್ನಾಗಿರುವ ಗಿರಣಿಗೆ ಹೆಸರು ಕೆಡಿಸಬೇಡಿ, ನಾಳೆ ಕಂಪನಿ ಮುಚ್ಚಿದರೆ ನಮಗೆ ಜಾಳಿ ಕೊಡುವವರು ಯಾರು ಎಂದರು. ಕಂಪನಿಯ ನಂಬರಿಗೆ ಫೋನು ಮಾಡಿದರೆ ಹಾಡು ಕೇಳಿಸುತ್ತಿತ್ತು, ಮನುಷ್ಯರು ಸಿಗುತ್ತಿರಲಿಲ್ಲ.

ಅಕ್ಕೋರು ಎಂದಿನಂತೆ ಫೋನು ಹಚ್ಚಿದರು. ಕಿತ್ತೂರಿನವರು ಎತ್ತಲಿಲ್ಲ. ರಾಮದುರ್ಗದವರು ಎತ್ತಿದರು. ಪಲ್ಯ ಏನು ಎಂದು ಕೇಳಿದ್ದಕ್ಕೆ ಬಂದ ಉತ್ತರ ನನಗೂ ಕೇಳಿಸಿತು:

"ಪಲ್ಯಾ ಇರಲಿ ಅಕ್ಕೋರ. ಅಕಿ ನನಗ ಎಲ್ಲಾರ ಮುಂದ ಅಂದಾಳ. ನೀವು ನನಗೊಬ್ಬಾಕಿಗೆ ಫೋನಿನ್ಯಾಗ ಸಮಾಧಾನ ಹೇಳಿದ್ರ ಏನ ಬಂತು? ಎಲ್ಲಾರ ಮುಂದ ಹೇಳ್ರಿ."

ಅಕ್ಕೋರು ಫೋನು ಇಟ್ಟರು. "ಖರೇನ ಐತಿ ಅಕಿ ಮಾತು," ಎಂದರು. ಎಲ್ಲರ ಮುಂದೆ ಏನು ಹೇಳಬೇಕು ಎನ್ನುವುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಮಾತು ಬೆಳೆಯುತ್ತಲೇ ಇತ್ತು. ಮಣೆಯ ಮೇಲಿನ ಫೋನು ನಡುಗುತ್ತ ನಡುಗುತ್ತ ಹೂವಿನ ಲೋಟದ ಹತ್ತಿರಕ್ಕೆ ಸರಿದಿತ್ತು.

ಆಗ ಅವರು ಮಾಡಿದ್ದು ಅಕ್ಕೋರೊಬ್ಬರೇ ಮಾಡಬಹುದಾದ ಕೆಲಸ. ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯಲಾಗದಂತೆ ಗ್ರೂಪನ್ನು ಕಟ್ಟಿಬಿಟ್ಟರು. ಅದನ್ನು ಹೇಗೆ ಮಾಡುವುದೆಂದು ತಾವೇ ಹುಡುಕಿ ಕಂಡುಕೊಂಡಿದ್ದರು. ತರಗತಿಯಲ್ಲಿ ಗದ್ದಲವಾದರೆ ಬಾಯಿ ಮೇಲೆ ಬೆರಳು ಇಡಿಸಿ, ಅಳುವವರ ಅಳು ನಿಂತ ಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುವುದು ಅವರಿಗೆ ಗೊತ್ತಿದ್ದ ನ್ಯಾಯ. "ಎಲ್ಲಾರೂ ಒಂಚೂರ ಶಾಂತ ಕೂಡ್ರಿ. ಆಮ್ಯಾಲೆ ಒಬ್ಬೊಬ್ರ ಮಾತಾಡೂಣು," ಎಂದು ಬರೆದು ನನ್ನ ಕಡೆ ನೋಡಿದರು. ಮುಖದಲ್ಲಿ ಸ್ವಲ್ಪ ಹೆಮ್ಮೆಯಿತ್ತು. "ನೋಡು, ಹೆಂಗ ಸುಮ್ಮನಾದ್ರು."

ಸುಮ್ಮನಾಗಿರಲಿಲ್ಲ. ಮರುದಿನವೇ ಬೇರೊಂದು ಗ್ರೂಪು ಹುಟ್ಟಿತು, ಹೆಸರು 'ನ್ಯಾಯ ಬೇಕು'. ಗಿರಣಿಯ ಮೇಲೆ ದೂರಿದ್ದವರೆಲ್ಲ ಅಲ್ಲಿಗೆ ಹೋದರು. ಯಾರೋ ನನ್ನನ್ನೂ ಅದರಲ್ಲಿ ಸೇರಿಸಿದರು. ಅಲ್ಲಿ ಮೊದಲು ಕಂಡದ್ದು ಶಾಲಿನ ಫೋಟೊ. ಅಕ್ಕೋರ ಮುಖದ ಸುತ್ತ ಕೆಂಪು ಗೆರೆ ಎಳೆದಿದ್ದರು.

"ಇವರಿಗೆ ಶಾಲ ಹೊಚ್ಯಾರ, ಇವರು ನಮ್ಮ ಬಾಯಿಗೆ ಅರಿವಿ ಕಟ್ಟ್ಯಾರ."

"ಏಜೆಂಟ ಕಾಲ ಬೀಳತಾನಂದ್ರ ಏನಿರಬೇಕ ವಿಚಾರ ಮಾಡ್ರಿ."

"ಪುಕ್ಕಟೆ ಗಿರಣಿ ಸಿಗದ ಯಾರ ಇಷ್ಟ ದುಡೀತಾರವಾ? ಕಂಪನಿ ಅಕ್ಕೋರು!"

ನಾನು ತೋರಿಸಬಾರದಿತ್ತೋ ಏನೋ; ಆದರೆ ಅವರೇ ಕೇಳಿದರು, ನಾನು ಮುಚ್ಚಿಡಲಾರದೆ ಹೋದೆ. ಅಕ್ಕೋರು ಫೋನನ್ನು ಎಂದಿನಂತೆ ದೂರ ಹಿಡಿದು ಓದಿದರು. ಆಮೇಲೆ ಹತ್ತಿರ ಹಿಡಿದು ಓದಿದರು.

"ಅವ ನನ್ನ ಕಾಲ ಮುಟ್ಟಿದ್ದು ನಾ ಅವಗ ಮಗ್ಗಿ ಕಲಸೇನಂತವಾ," ಎಂದರು. "ಅದು ಇವರಿಗೆ ಹೆಂಗ ತಿಳೀಬೇಕು?"

"ದುಡ್ಡ ಕೊಟ್ಟ ತಗೊಂಡೇನಿ ಅಂತ ಹೇಳ್ರಿ ಅಕ್ಕೋರ. ರಸೀದಿ ಐತೆಲ್ಲ?"

"ನಾ ಕಳ್ಳಿ ಅಲ್ಲ ಅಂತ ರಸೀದಿ ಹಿಡಕೊಂಡ ಓಣ್ಯಾಗ ನಿಲ್ಲಲೇನು?" ದನಿ ಏರಿರಲಿಲ್ಲ. "ಇಷ್ಟ ವರ್ಷ ಮಕ್ಕಳ ಜಗಳ ಬಿಡಸೇನಿ. ಅಕ್ಕೋರು ಅವರ ಕಡೆ ಅದಾರ ಅಂತ ಒಂದ ಕೂಸೂ ಅಂದಿಲ್ಲ."

ಅವರಿಗೆ ನಾಟಿದ್ದು ಇದು. ಗಿರಣಿ ಕೆಟ್ಟರೆ ಕೆಡಲಿ, ಗ್ರೂಪು ಒಡೆದರೆ ಒಡೆಯಲಿ. ಯಾರ ಕಡೆಗೂ ವಾಲದವರು ಎನ್ನುವ ಹೆಸರೊಂದೇ ಅವರು ಜೀವಮಾನದಲ್ಲಿ ಗಳಿಸಿದ್ದು. ಅದು ಹೋಗುತ್ತಿತ್ತು, ಹಿಡಿದುಕೊಳ್ಳಲು ಹಿಡಿಕೆ ಇರಲಿಲ್ಲ.

"ನಾಳೆ ರಾಮದುರ್ಗಕ್ಕ ಹೋಗೂಣ ನಡಿ," ಎಂದರು. "ಮಾರಿ ತೋರಿಸಿ ಬರೂಣು."

ಒಂದು ಚೀಲದಲ್ಲಿ ತಮ್ಮ ಗಿರಣಿಯಲ್ಲಿ ಬೀಸಿದ ಜೋಳದ ಹಿಟ್ಟು ತುಂಬಿಕೊಂಡರು. ಮುನವಳ್ಳಿಯ ಮೇಲೆ ಹಾಯ್ದು ಸವದತ್ತಿಗೆ, ಅಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ. ಕಾಲುವೆಗೆ ನವಿಲುತೀರ್ಥ ಅಣೆಕಟ್ಟಿನ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ಅಕ್ಕೋರು ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಗೆ ಕಟ್ಟಿದ ದಾರವನ್ನು ಬಿಚ್ಚಿ ಕಟ್ಟುತ್ತಿದ್ದರು.

ರಾಮದುರ್ಗದವರ ಮನೆ ಮಗ್ಗದ ಸದ್ದಿನ ಒಂದು ಓಣಿಯಲ್ಲಿತ್ತು. ಬಾಗಿಲು ತೆರೆದ ಹೆಣ್ಣುಮಗಳನ್ನು ನೋಡಿ ನನಗೆ ಆಶ್ಚರ್ಯವಾಯಿತು. ಬರಹ ನೋಡಿ ಗಟ್ಟಿ ಆಳು ಎಂದುಕೊಂಡಿದ್ದೆ. ಸಣ್ಣ ಮೈ, ಹೆದರಿದ ಕಣ್ಣು, ಒಂದು ಕೈಯಲ್ಲಿ ಒದ್ದೆ ಬಟ್ಟೆ.

"ಅಯ್ಯ, ಅಕ್ಕೋರ! ಬರ್ರಿ ಬರ್ರಿ, ಬಿಸಲಾಗ ಬಂದೀರಿ. ಕೂಡ್ರಿ. ನೀರ ಕುಡೀರಿ. ಅಯ್ಯ, ಮನಿ ನೋಡ್ರಿ ಹೆಂಗ ಹರವಿ ಬಿದ್ದೈತಿ."

ನೀರು, ಚಹಾ, ಹಚ್ಚಿದ ಅವಲಕ್ಕಿ, ಎಲ್ಲ ಬಂದವು. ಜಗಳದ ಮಾತೊಂದು ಬಿಟ್ಟು ಉಳಿದದ್ದೆಲ್ಲ ಬಂತು. ಕಡೆಗೆ ಅಕ್ಕೋರೇ, "ನಡೀರಿ, ನಿಮ್ಮ ಒಲಿ ತೋರಸ್ರಿ," ಎಂದು ಎದ್ದು ಅಡುಗೆಮನೆಗೆ ಹೋದರು.

ಮೊದಲು ಆ ಮನೆಯ ಗಿರಣಿಯ ಹಿಟ್ಟನ್ನು ನಾದಿ ತಾವೇ ಬಡಿದರು. ಅಂಚು ಒಡೆಯಿತು. ಬಿಸಿನೀರು ಹಾಕಿ ಮತ್ತೆ ನಾದಿದರು. ಮತ್ತೆ ಒಡೆಯಿತು. ನನಗೆ ರೊಟ್ಟಿ ಕಲಿಸಿದ ಆ ಕೈಯ ಕೆಳಗೆ ರೊಟ್ಟಿ ಒಡೆದದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ಚೀಲದ ಹಿಟ್ಟು ತೆಗೆದು ಆ ಹೆಣ್ಣುಮಗಳ ಮುಂದೆ ಇಟ್ಟರು.

"ಈಗ ನೀವು ಬಡೀರಿ."

ಆಕೆ ಹಿಂಜರಿಯುತ್ತ ಕೂತಳು. ಕೈ ಶುರುವಾದ ಮೇಲೆ ಹಿಂಜರಿಕೆ ಹೋಯಿತು. ರೊಟ್ಟಿ ಅವಳ ಅಂಗೈ ಕೆಳಗೆ ತಾನೇ ತಿರುಗಿತು. ತೆಳ್ಳಗೆ, ಗುಂಡಗೆ, ಎಲ್ಲೂ ಒಂದು ಸೀಳಿಲ್ಲ. ಅಕ್ಕೋರು ಅದನ್ನು ಹೆಂಚಿಗೆ ಹಾಕಿ, ನೀರು ಸವರಿ, ಉಬ್ಬಿದ ಮೇಲೆ ಕೈಯಲ್ಲಿ ಹಿಡಿದು ನೋಡಿದರು.

"ಇಂಥಾ ಕೈಗೆ ಅಂದ್ರೇನವಾ? ಕೈ ಹುಷಾರ ಐತಿ. ನಿಮ್ಮ ಗಿರಣಿಗೆ ಜ್ವರ ಬಂದೈತಿ."

ಆಕೆ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ನಮ್ಮವ್ವ ಇದ್ದಿದ್ರ ನಿಮಗ ಕೈ ಮುಗೀತಿದ್ಲರಿ," ಎಂದಳು. ಒಡೆದ ರೊಟ್ಟಿ, ಒಡೆಯದ ರೊಟ್ಟಿ ಎರಡನ್ನೂ ಶೇಂಗಾ ಚಟ್ನಿಯ ಜೊತೆ ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ತಿಂದೆವು. "ಗ್ರೂಪ್ ಮತ್ತ ಎಲ್ಲಾರಿಗೂ ತೆಗೀತೇನಿ," ಎಂದರು ಅಕ್ಕೋರು. "ತಪ್ಪು ನಿಮ್ಮ ಕೈದಲ್ಲ ಅಂತ ಎಲ್ಲಾರ ಮುಂದ ಹೇಳತೇನಿ. ನೀವು ಕೇಳಿದ್ದು ಅದನ್ನ ಅಲ್ಲ?" ನಾವು ಹೊರಡುವಾಗ ಆಕೆ ಅಕ್ಕೋರ ಕೈಗೆ ಕುಬಸದ ಖಣ ಕೊಟ್ಟಳು. ಒಲೆಯ ಮುಂದೆ ಕೂತ ಅಕ್ಕೋರ ಫೋಟೊವನ್ನು ನಮ್ಮೆದುರೇ 'ನ್ಯಾಯ ಬೇಕು' ಗ್ರೂಪಿಗೆ ಕಳಿಸಿದಳು. ಅದರ ಕೆಳಗೆ, "ಅಕ್ಕೋರು ನಮ್ಮ ಮನಿಗೆ ಬಂದ್ರು. ಭಾಳ ಸಂತೋಷ ಆತು," ಎಂದು ಬರೆದಳು.

ಸವದತ್ತಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ನನ್ನ ಫೋನು ತುಂಬಿತ್ತು.

"ಇನ್ನೇನು, ಕಂಪನಿ ಮನಿ ಮನಿಗೆ ಬರಾಕ ಹತ್ತಿತು."

"ರಾಮದುರ್ಗದವರ, ನಿಮಗೇನ ಸಿಕ್ತು? ಹೊಸಾ ಗಿರಣಿಯೇನು?"

"ನಿಮ್ಮ ಸಲುವಾಗಿ ನಾವು ಜಗಳಾಡಿದ್ವಿ. ನೀವು ಒಂದ ರೊಟ್ಟಿಗೆ ತಿರುಗಿಬಿಟ್ರಿ."

ಅಕ್ಕೋರು ಕಿಟಕಿಯ ಕಡೆ ಕೂತು ಖಣವನ್ನು ತೊಡೆಯ ಮೇಲೆ ಬಿಡಿಸಿ ಅದರ ಅಂಚು ನೋಡುತ್ತಿದ್ದರು. "ಏನ ಬರದಾರವಾ? ಓದು." ನಾನು ರಾಮದುರ್ಗದವರ ಮೊದಲ ಮಾತಷ್ಟೇ ಓದಿ ನಿಲ್ಲಿಸಿದೆ. "ಅಷ್ಟನ?" ಎಂದು ಕೈ ಚಾಚಿದರು. ಕೊಡದೆ ಇರಲಾಗಲಿಲ್ಲ. ಅವರು ಓದುತ್ತಿರುವಾಗಲೇ ಕೊನೆಯ ಮಾತು ಬಂತು. ರಾಮದುರ್ಗದವರದೇ.

"ನಾ ಕರದಿದ್ದಿಲ್ಲರಿ. ಅವರ ಬಂದ್ರು. ಮನಿಗೆ ಬಂದವರಿಗೆ ಬ್ಯಾಡನ್ನಾಕ ಬರತೈತೇನು?"

ಬಸ್ಸು ಮುನವಳ್ಳಿ ದಾಟಿತು. ನನಗೆ ಆಕೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಅದನ್ನು ಬಾಯಿ ಬಿಟ್ಟು ಹೇಳಿದೆ. ಅಕ್ಕೋರು ಖಣವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದರು.

"ಅಕೀನ ಬೈಬ್ಯಾಡ. ಅಕಿ ಅವರ ನಡುವ ಇರಬೇಕಲ್ಲ. ಒಬ್ಬಾಕೀನ ಹೊರಗ ಹಾಕಿದ್ರ ಪಾಪ ಎಲ್ಲಿ ಹೋಗತಾಳ?"

ಮನೆಗೆ ಬಂದವರೇ ಅಕ್ಕೋರು ಗ್ರೂ‍ಪನ್ನು ಎಲ್ಲರಿಗೂ ತೆರೆದರು. ಕೊಟ್ಟ ಮಾತಿನಂತೆ ಧ್ವನಿ ಸಂದೇಶ ಕಳಿಸಿದರು. ತಮ್ಮ ಹಿಟ್ಟಿಗೆ ಜಿಗಿ ಇದೆ, ರಾಮದುರ್ಗದ ಗಿರಣಿಯ ಹಿಟ್ಟು ಮಾತ್ರ ಕಾಯುತ್ತಿದೆ, ಅದನ್ನು ತಾವೇ ಬಡಿದು ನೋಡಿದ್ದಾರೆ, ದೋಷ ಕೈಯದಲ್ಲ. ಎಲ್ಲರ ಗಿರಣಿಯೂ ಹಾಗಿಲ್ಲ, ಚೆನ್ನಾಗಿದೆ ಎಂದವರೂ ಸುಳ್ಳು ಹೇಳುತ್ತಿಲ್ಲ. ಇಷ್ಟೇ ಅದರಲ್ಲಿದ್ದದ್ದು. ಇಷ್ಟಕ್ಕೆ ಎರಡೂ ಕಡೆಯವರು ಎದ್ದರು. ಕಿತ್ತೂರಿನವರು, "ಅಂದ್ರ ನಾ ಸುಮ್ಮನ ಅಂದೇನಿ ಅಂದಂಗಾತು. ಅಕ್ಕೋರು ಅವರ ಮನಿ ರೊಟ್ಟಿ ಉಂಡ ಬಂದು ಅವರ ಪರವಾಗಿ ಮಾತಾಡ್ತಾರ," ಎಂದು ಬರೆದು ಗ್ರೂಪು ಬಿಟ್ಟರು. 'ನ್ಯಾಯ ಬೇಕು' ಕಡೆಯವರು, "ಎಲ್ಲಾ ಗಿರಣಿ ಹಂಗಿಲ್ಲ ಅಂದ್ರಲ್ಲ, ಇಲ್ಲೇ ಗೊತ್ತಾತು ಯಾರ ಮಂದಿ ಅಂತ," ಎಂದರು. ಗ್ರೂಪಿನಿಂದ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ಅಕ್ಕೋರು ಯಾರಿಗೂ ಫೋನು ಹಚ್ಚಲಿಲ್ಲ. ನಾನು ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

ಆದರೂ ಅವರು ತಾವಾಗಿ ಬಿಡಲಿಲ್ಲ. ಖಾಲಿಯಾದ ಗ್ರೂಪಿನಲ್ಲಿ ಯಾರಾದರೂ ಅಪರೂಪಕ್ಕೆ ಜಾಳಿ ಹೇಗೆ ತೊಳೆಯಬೇಕು ಎಂದು ಕೇಳಿದರೆ, ಫೋನನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಒತ್ತಿ ಉತ್ತರ ಕೊಡುತ್ತಿದ್ದರು. ಕಟ್ಟೆಗೆ ಬಂದು ಕೂರುವುದು ಕಡಿಮೆಯಾಯಿತು. ಬಂದರೂ ಬಾಗಿಲಿಗೆ ಬೆನ್ನು ಹಚ್ಚಿ ಒಳಬದಿಗೇ ಕೂರುವರು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತವರು ಹಾಗೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಜಗಳದಿಂದಲೇ ಹೋದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿತ್ತು, ಹೃದಯವೂ ಸೋತಿತ್ತಂತೆ. ಹಳೆಯ ಗ್ರೂಪಿನಲ್ಲಿ ಸುದ್ದಿ ಹಾಕಿದವಳು ನಾನು. ಅಲ್ಲಿಂದ ಇಲ್ಲಿಂದ ಎಲ್ಲರಿಗೂ ತಲುಪಿತು.

ಅವರ ಹೆಸರಿನಲ್ಲಿ ಮನೆಯಲ್ಲಿ ಪ್ರಾರ್ಥನೆ ಇಟ್ಟ ದಿನ ಅನೇಕ ಹೆಣ್ಣುಮಕ್ಕಳು ಬಂದರು. ರಾಮದುರ್ಗದವರು ಬಂದರು. ಬಿಳಿ ಸೀರೆಯುಟ್ಟ, ತುಂಬಿದ ಮೈಯ ಒಬ್ಬರು ಬುದ್ಧನ ಚಿತ್ರದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಊರು ಕೇಳಿದೆ. "ಕಿತ್ತೂರ ರೀ," ಎಂದರು. ಅಳುವವರಿಗೆ ಪಕ್ಕದಿಂದ ನೀರಿನ ಲೋಟ ಕೊಟ್ಟದ್ದು ರಾಮದುರ್ಗದವರೇ. ಕಿತ್ತೂರು ಎನ್ನುವ ಮಾತು ಕಿವಿಗೆ ಬಿದ್ದಾಗ ಚಾಚಿದ ಕೈ ಒಂದು ಕ್ಷಣ ನಿಂತಿತು. ಲೋಟ ಕೊಟ್ಟು, ಎದ್ದು, ಆ ಕಡೆಯ ಗೋಡೆಗೆ ಹೋಗಿ ಕೂತರು.

ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಮೊದಲು ಕಿತ್ತೂರಿನವರನ್ನು.

"ಅಕ್ಕೋರು ಯಾರ ಕಡೆನೂ ಇದ್ದಿದ್ದಿಲ್ಲ. ನಿಮಗೂ ಗೊತ್ತೈತಿ. ಗ್ರೂಪಿನ್ಯಾಗ ಅದನ್ನೊಂದ ಬರೀರಿ."

"ದೇವರಂಥಾ ಮನಿಷ್ಯಾರಿ ಅವರು," ಎಂದರು ಕಣ್ಣೊರೆಸುತ್ತ. "ಆದ್ರ ಈಗ ಬರದ್ರ ಮತ್ತ ಸುರು ಆಕ್ಕಾವರಿ. ಬ್ಯಾಡ ಬಿಡ್ರಿ, ಹ್ವಾದವರಿಗೆ ಯಾಕ ತ್ರಾಸ?"

ರಾಮದುರ್ಗದವರು ನನ್ನ ಕೈ ಹಿಡಿದುಕೊಂಡರು. "ನನ್ನ ಮನಸಿನ್ಯಾಗ ಅದಾರಲ್ರಿ. ಬರೀಬೇಕಂತನ ಮಾಡಿದ್ದೆ. ಬರದ ಬರದ ಅಳಿಸೇನಿ. ನನಗ ಆ ಮಂದಿ ಕೂಡ ಮಾತಾಡೂ ತಾಕತ್ತಿಲ್ಲರಿ."

ಇಬ್ಬರೂ ಸುಳ್ಳು ಹೇಳಲಿಲ್ಲ.

'ನ್ಯಾಯ ಬೇಕು' ಗ್ರೂಪು ಈಗಲೂ ಇದೆ. ಕಂಪನಿ ಯಾರಿಗೂ ಏನೂ ಮಾಡಿಕೊಡಲಿಲ್ಲ. ಕೆಲವರು ಗಿರಣಿ ಮಾರಿದರು, ಕೆಲವರು ಮೂಲೆಗಿಟ್ಟು ಮೇಲೆ ಟಿವಿ ಕೂಡಿಸಿದ್ದಾರೆ. ಹೊಸಬರು ಬಂದು ಹಿಟ್ಟು ಕಾಯುತ್ತದೆ ಎಂದರೆ ಹಳಬರು ಕಥೆ ಹೇಳುತ್ತಾರೆ: ಮೊದಲೊಬ್ಬರು ಅಡ್ಮಿನ್ ಇದ್ದರು, ಕಂಪನಿಯವರು, ಶಾಲು ಹೊದಿಸಿಕೊಂಡಿದ್ದರು. ಜಗಳವೇ ನೋಡದವರೂ ಈಗ ಅದನ್ನು ಗೊತ್ತಿದ್ದವರಂತೆ ಹೇಳುತ್ತಾರೆ. ಮೊನ್ನೆ ಮಧ್ಯಾಹ್ನ ತಡೆಯಲಾರದೆ ನಾನು ಬರೆದೆ. ಅವರು ಪೂರ್ತಿ ಬೆಲೆ ಕೊಟ್ಟು ಕೊಂಡರು, ಏಜೆಂಟರು ಅವರ ಶಿಷ್ಯ, ಅವರು ಯಾರ ಪರವೂ ಇರಲಿಲ್ಲ ಎಂದು. ಕೂಡಲೇ ಉತ್ತರ ಬಂತು.

"ನೀವು ಅವರ ಬಾಜೂಮನಿಯವರು. ನೀವು ಹಂಗ ಹೇಳಾವ್ರ."

ಹೌದು, ನಾನು ಬಾಜೂಮನೆಯವಳೇ. ರಾಮದುರ್ಗದಿಂದ ಬಂದ ಸಂಜೆ ಅವರು ಆ ಧ್ವನಿ ಸಂದೇಶ ಹೇಳುವಾಗ ನಾನು ಬಾಜೂಕೇ ಕೂತಿದ್ದೆ. ಫೋನನ್ನು ಬಾಯಿಯ ಹತ್ತಿರ ಹಿಡಿದು ಅರ್ಧ ಹೇಳುವರು, ನಿಲ್ಲಿಸುವರು, ಅಳಿಸಿಬಿಡುವರು. "ತಂಗಿ, ಹಿಂಗ ಅಂದ್ರ ಕಿತ್ತೂರಿನಾಕಿಗೆ ನೋವ ಆಗತದೇನು?" ಆಗಬಹುದು ಎಂದೆ. ಮತ್ತೆ ಮೊದಲಿಂದ ಹೇಳಿದರು. "ಈಗ? ರಾಮದುರ್ಗದಾಕಿಗೆ ಕಡಿಮಿ ಆತೇನು?" ಸ್ವಲ್ಪ ಆಯಿತು ಎಂದೆ. ಮತ್ತೆ ಅಳಿಸಿದರು. ಒಳಗಿನಿಂದ ತಮ್ಮನ ಹೆಂಡತಿ ದೀಪ ಹಚ್ಚಲು ಬಂದು, ನೋಡಿ, ಸುಮ್ಮನೆ ಹಿಂದಕ್ಕೆ ಹೋದಳು. ನೀರು ಕೊಟ್ಟೆ, ಒಂದು ಗುಟುಕು ಕುಡಿದು ಇಟ್ಟರು. ಇಬ್ಬರಿಗೂ ನೋವಾಗದ ಮಾತು ಎಲ್ಲೋ ಇರಲೇಬೇಕು ಎನ್ನುವಂತೆ ಫೋನನ್ನು ಮತ್ತೆ ಬಾಯಿಯ ಹತ್ತಿರ ತಂದು, ಮತ್ತೊಮ್ಮೆ ಮೊದಲಿಂದ ಶುರು ಮಾಡಿದರು.